ಪೆಟ್ಟಿಗೆಯಲ್ಲಿಲ್ಲದ ನ್ಯಾಟ್: ಮಾದರಿ ವಿಮಾನಗಳ ಮಾರ್ಪಾಡಿನ ಹಿಂದಿನ ಲೆಕ್ಕಾಚಾರ

ಬೆಂಗಳೂರು: ಪೆಟ್ಟಿಗೆಯ ಮೇಲೆ ‘ಫಾಲಂಡ್ ನ್ಯಾಟ್’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ತೆರೆದು ನೋಡಿದರೆ ಒಳಗಿರುವುದು ಎರಡು ಆಸನಗಳ ವಿಮಾನ. ಹಚ್ಚಬೇಕಾದ ಬಣ್ಣ ಬ್ರಿಟನ್ನಿನ ‘ರೆಡ್ ಆರೋಸ್’ ಕಸರತ್ತು ತಂಡದ ಕೆಂಪು. 1965 ಮತ್ತು 1971ರ ಯುದ್ಧಗಳಲ್ಲಿ ಭಾರತೀಯ ವಾಯುಪಡೆಯ ಪರವಾಗಿ ಹೋರಾಡಿದ, ಬೆಂಗಳೂರಿನ ಕಾರ್ಖಾನೆಯಲ್ಲಿ ತಯಾರಾದ ನ್ಯಾಟ್ ವಿಮಾನಕ್ಕಾದರೋ ಇದ್ದದ್ದು ಒಂದೇ ಆಸನ. ಹೆಸರು ಒಂದೇ ಆದರೂ ಉದ್ದ ಬೇರೆ, ರೆಕ್ಕೆ ಬೇರೆ, ಬಾಲ ಬೇರೆ.

ಮಾದರಿ ವಿಮಾನ ಕಟ್ಟುವ ಹವ್ಯಾಸಿಯ ಮುಂದೆ ಇಲ್ಲಿ ಎರಡು ದಾರಿಗಳಿವೆ. ಪೆಟ್ಟಿಗೆ ಹೇಳಿದಂತೆ ಬ್ರಿಟನ್ನಿನ ತರಬೇತಿ ವಿಮಾನವನ್ನು ಜೋಡಿಸಿ ಕಪಾಟಿನಲ್ಲಿಡುವುದು ಮೊದಲನೆಯದು. ಗರಗಸ ಹಿಡಿದು, ಅಳತೆ ನೋಡಿ, ಕೊಯ್ದು, ಉಜ್ಜಿ, ತನಗೆ ಬೇಕಾದ ವಿಮಾನವನ್ನು ಅದರಿಂದಲೇ ಹೊರತೆಗೆಯುವುದು ಎರಡನೆಯದು. ಈ ಎರಡನೆಯ ದಾರಿಗೆ ‘ಮಾರ್ಪಾಡು’ ಅಥವಾ ‘ಕನ್ವರ್ಷನ್’ ಎಂದು ಹೆಸರು. ಪ್ಲಾಸ್ಟಿಕ್ ಮಾದರಿಗಳ ಲೋಕದಲ್ಲಿ ಅತ್ಯಂತ ಹೆಚ್ಚು ತಾಳ್ಮೆ ಬೇಡುವ ಹಾಗೂ ಅತ್ಯಂತ ಹೆಚ್ಚು ಕಲಿಸುವ ಕೆಲಸ ಇದೇ.

ಒಂದು ಇಂಚಿಗೆ ಆರು ಅಡಿ

ಮಾದರಿ ವಿಮಾನಗಳ ಅತ್ಯಂತ ಜನಪ್ರಿಯ ಪ್ರಮಾಣ 1:72. ಅಂದರೆ ನಿಜವಾದ ವಿಮಾನದ 72 ಮಿಲಿಮೀಟರ್ ಮಾದರಿಯಲ್ಲಿ ಒಂದು ಮಿಲಿಮೀಟರ್. ಅಡಿ–ಇಂಚಿನ ಲೆಕ್ಕದಲ್ಲಿ ಹೇಳುವುದಾದರೆ ಆರು ಅಡಿಯ ಮನುಷ್ಯ ಇಲ್ಲಿ ಒಂದು ಇಂಚು. 1930ರ ದಶಕದಲ್ಲಿ ಬ್ರಿಟನ್ನಿನಲ್ಲಿ ನೆಲೆಯೂರಿದ ಈ ಪ್ರಮಾಣವನ್ನು ಮುಂದೆ ಏರ್‌ಫಿಕ್ಸ್ ಕಂಪನಿ ಮನೆಮಾತಾಗಿಸಿತು. 1939ರಲ್ಲಿ ಸ್ಥಾಪನೆಯಾದ ಈ ಕಂಪನಿ 1953ರಲ್ಲಿ ಸ್ಪಿಟ್‌ಫೈರ್ ಮೂಲಕ ತನ್ನ ಮೊದಲ ವಿಮಾನ ಕಿಟ್ ಹೊರತಂದಿತು.

ಕಿಟ್ ತಯಾರಿಕೆಯ ತಂತ್ರ ಸರಳ. ಉಕ್ಕಿನ ಅಚ್ಚಿನೊಳಕ್ಕೆ ಕರಗಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಒತ್ತಡದಿಂದ ತುಂಬಲಾಗುತ್ತದೆ. ತಣ್ಣಗಾದ ಮೇಲೆ ಬಿಡಿಭಾಗಗಳು ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡೇ ಹೊರಬರುತ್ತವೆ. ಅವುಗಳನ್ನು ಬಿಡಿಸಿ, ಅಂಟಿಸಿ, ಬಣ್ಣ ಹಚ್ಚಿದರೆ ಮಾದರಿ ಸಿದ್ಧ.

ಅಚ್ಚು ಮಾಡಿಸುವ ಖರ್ಚು ಮಾತ್ರ ಸರಳವಲ್ಲ. ಹೀಗಾಗಿ ತಯಾರಕರು ಹೆಚ್ಚು ಮಾರಾಟವಾಗುವ ವಿಮಾನವನ್ನೇ ಆರಿಸಿಕೊಳ್ಳುತ್ತಾರೆ. ಒಮ್ಮೆ ಮಾಡಿದ ಅಚ್ಚನ್ನು ದಶಕಗಳ ಕಾಲ ಬಳಸುತ್ತಾರೆ. ಕಿಟ್ ಕೊಳ್ಳುವವರು ಹೆಚ್ಚಾಗಿ ಎಲ್ಲಿದ್ದಾರೋ ಅಲ್ಲಿನ ವಾಯುಪಡೆಯ ವಿಮಾನಗಳೇ ಪೆಟ್ಟಿಗೆಯೊಳಗೆ ಸೇರುತ್ತವೆ. ನ್ಯಾಟ್ ವಿಷಯದಲ್ಲಿ ಆದದ್ದೂ ಇದೇ.

ನ್ಯಾಟ್: ಅಲ್ಲಿ ತರಬೇತಿಗೆ, ಇಲ್ಲಿ ಯುದ್ಧಕ್ಕೆ

ಬ್ರಿಟನ್ನಿನ ಫಾಲಂಡ್ ಕಂಪನಿಯ ವಿನ್ಯಾಸಕಾರ ಟೆಡ್ಡಿ ಪೆಟ್ಟರ್ ರೂಪಿಸಿದ ನ್ಯಾಟ್ ಮೊದಲು ಹಾರಿದ್ದು 1955ರ ಜುಲೈ 18ರಂದು. ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗಿ, ಭಾರವಾಗಿ, ದುಬಾರಿಯಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಚಿಕ್ಕದಾದ, ಅಗ್ಗವಾದ, ಸುಲಭವಾಗಿ ತಯಾರಿಸಬಹುದಾದ ವಿಮಾನ ಬೇಕೆಂಬುದು ಪೆಟ್ಟರ್ ಅವರ ವಾದವಾಗಿತ್ತು.

ಬ್ರಿಟನ್ನಿನ ವಾಯುಪಡೆ ಈ ಒಂಟಿ ಆಸನದ ಯುದ್ಧವಿಮಾನವನ್ನು ತನ್ನ ಸೇನಾತುಕಡಿಗಳಿಗೆ ಸೇರಿಸಿಕೊಳ್ಳಲಿಲ್ಲ. ಅದರ ಬದಲು ಎರಡು ಆಸನಗಳ ತರಬೇತಿ ಮಾದರಿಯನ್ನು ಕೇಳಿತು. ಒಡಲನ್ನು ಉದ್ದಮಾಡಿ, ರೆಕ್ಕೆ ಮತ್ತು ಬಾಲವನ್ನು ಹಿಗ್ಗಿಸಿ ತಯಾರಿಸಿದ ಈ ಮಾದರಿ 1959ರಲ್ಲಿ ಹಾರಿತು. ಮುಂದೆ ರೆಡ್ ಆರೋಸ್ ತಂಡ 1965ರಿಂದ 1979ರವರೆಗೆ ಇದೇ ವಿಮಾನದಲ್ಲಿ ಪ್ರದರ್ಶನ ನೀಡಿತು. ಬ್ರಿಟನ್ನಿನ ಮಕ್ಕಳು ಕಂಡ ನ್ಯಾಟ್ ಇದೇ. ಆದ್ದರಿಂದ ಏರ್‌ಫಿಕ್ಸ್ 1960ರ ದಶಕದಲ್ಲಿ ಅಚ್ಚು ಹಾಕಿಸಿದ್ದೂ ಇದಕ್ಕೇ.

ಒಂಟಿ ಆಸನದ ನ್ಯಾಟ್ ಮೇಲೆ ನಿಜವಾದ ನಂಬಿಕೆ ಇಟ್ಟದ್ದು ಭಾರತ. ಫಿನ್ಲೆಂಡ್ ಮತ್ತು ಯುಗೊಸ್ಲಾವಿಯಾ ಬೆರಳೆಣಿಕೆಯಷ್ಟು ವಿಮಾನಗಳನ್ನು ಕೊಂಡವು. ಭಾರತ ಪರವಾನಗಿ ಪಡೆದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅದನ್ನು ತಯಾರಿಸಲು ನಿರ್ಧರಿಸಿತು. ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಆರಂಭಿಸಿದ ಈ ಕಾರ್ಖಾನೆಯೇ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಅಥವಾ ಎಚ್‌ಎಎಲ್ ಆಯಿತು.

ಮೊದಲು ಬ್ರಿಟನ್ನಿನಿಂದ ಬಂದ ಭಾಗಗಳ ಜೋಡಣೆ ನಡೆಯಿತು. ಹಂತಹಂತವಾಗಿ ತಯಾರಿಕೆ ಪೂರ್ತಿಯಾಗಿ ಇಲ್ಲಿಗೆ ವರ್ಗವಾಯಿತು. ಭಾರತದಲ್ಲೇ ತಯಾರಾದ ಭಾಗಗಳಿಂದ ಕಟ್ಟಿದ ಮೊದಲ ನ್ಯಾಟ್ 1962ರ ಮೇ ತಿಂಗಳಲ್ಲಿ ಹಾರಿತು. ಕೊನೆಯ ವಿಮಾನ ವಾಯುಪಡೆಗೆ ಹಸ್ತಾಂತರವಾದದ್ದು 1974ರ ಜನವರಿ 31ರಂದು.

1965ರ ಸೆಪ್ಟೆಂಬರ್ 3ರಂದು ಟ್ರೆವರ್ ಕೀಲರ್ ಅವರು ಪಾಕಿಸ್ತಾನದ ಸೇಬರ್ ವಿಮಾನವನ್ನು ಹೊಡೆದುರುಳಿಸಿದ್ದಕ್ಕಾಗಿ ವೀರಚಕ್ರ ಪಡೆದದ್ದು ನ್ಯಾಟ್ ಹಾರಿಸಿ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಏಕಾಂಗಿಯಾಗಿ ಸೆಣಸಿ ಪ್ರಾಣತೆತ್ತ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಅವರೂ ನ್ಯಾಟ್‌ನಲ್ಲೇ ಇದ್ದರು. ವಾಯುಪಡೆಗೆ ಸಂದಿರುವ ಏಕೈಕ ಪರಮವೀರಚಕ್ರ ಅವರದು. ಈ ವಿಮಾನವನ್ನು ಮಾದರಿಯಾಗಿ ಕಟ್ಟಬೇಕೆಂದು ಹೊರಟವನಿಗೆ ಬಹುಕಾಲ ಸುಲಭವಾಗಿ ಸಿಗುತ್ತಿದ್ದುದು ಮಾತ್ರ ಬೇರೆ ದೇಶದ ತರಬೇತಿ ವಿಮಾನ.

ಮಾರ್ಪಾಡಿನಲ್ಲಿ ನಾಲ್ಕು ಬಗೆ

ಕಿಟ್‌ನಲ್ಲಿ ಮಾಡುವ ಬದಲಾವಣೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಬಣ್ಣ ಮತ್ತು ಗುರುತುಗಳ ಬದಲಾವಣೆ. ಆಕಾರವನ್ನು ಮುಟ್ಟದೆ, ಪೆಟ್ಟಿಗೆಯಲ್ಲಿ ಬಂದ ಗುರುತುಗಳ ಬದಲು ಬೇರೆ ವಾಯುಪಡೆಯ ಅಥವಾ ಬೇರೆ ತುಕಡಿಯ ಗುರುತು ಹಾಕುವುದು. ಎರಡನೆಯದು ವಿವರಗಳ ಸೇರ್ಪಡೆ. ಆಸನಕ್ಕೆ ಪಟ್ಟಿ, ಚಕ್ರದ ಗೂಡಿಗೆ ಕೊಳವೆ, ಉಪಕರಣ ಫಲಕಕ್ಕೆ ಮುಳ್ಳುಗಳು ಇತ್ಯಾದಿ. ಮೂರನೆಯದು ತಿದ್ದುಪಡಿ. ತಯಾರಕರು ತಪ್ಪಾಗಿ ಮಾಡಿದ ಮೂಗಿನ ಬಾಗು ಅಥವಾ ರೆಕ್ಕೆಯ ಅಗಲವನ್ನು ಸರಿಪಡಿಸುವುದು.

ನಾಲ್ಕನೆಯದೇ ನಿಜವಾದ ಮಾರ್ಪಾಡು. ಒಂದು ಆವೃತ್ತಿಯ ವಿಮಾನವನ್ನು ಇನ್ನೊಂದು ಆವೃತ್ತಿಯಾಗಿ ಬದಲಿಸುವುದು. ಇದಕ್ಕೆ ಬೇಕಾದ ಭಾಗಗಳನ್ನು ಕೆಲವರು ಬೇರೆ ಕಿಟ್‌ಗಳಿಂದ ಕಿತ್ತು ತರುತ್ತಾರೆ. ಕೆಲವರು ಸಣ್ಣ ತಯಾರಕರು ಮಾರುವ ರೆಸಿನ್ ಭಾಗಗಳನ್ನು ಕೊಳ್ಳುತ್ತಾರೆ. ಇನ್ನು ಕೆಲವರು ಪ್ಲಾಸ್ಟಿಕ್ ಹಾಳೆ, ಕಡ್ಡಿ, ಪುಟ್ಟಿಗಳಿಂದ ತಾವೇ ರೂಪಿಸುತ್ತಾರೆ. ನ್ಯಾಟ್ ಮಾರ್ಪಾಡಿನಲ್ಲಿ ನಾಲ್ಕೂ ಬಗೆಯ ಕೆಲಸ ಒಟ್ಟಿಗೆ ಬರುತ್ತದೆ.

ಮೊದಲು ಅಳತೆ, ಆಮೇಲೆ ಗರಗಸ

ಎರಡು ಆಸನದ ನ್ಯಾಟ್‌ನ ಉದ್ದ 9.68 ಮೀಟರ್. ಒಂಟಿ ಆಸನದ್ದು 8.74 ಮೀಟರ್. ಎರಡನ್ನೂ 72ರಿಂದ ಭಾಗಿಸಿದರೆ ಮಾದರಿಯ ಉದ್ದ ಕ್ರಮವಾಗಿ 134 ಮತ್ತು 121 ಮಿ.ಮೀ. ಅಂದರೆ 13 ಮಿ.ಮೀ. ಹೋಗಬೇಕು. ರೆಕ್ಕೆಯ ತುದಿಯಿಂದ ತುದಿಗೆ ತರಬೇತಿ ವಿಮಾನದ್ದು 7.32 ಮೀಟರ್, ಯುದ್ಧವಿಮಾನದ್ದು 6.73 ಮೀಟರ್. ಮಾದರಿಯಲ್ಲಿ ವ್ಯತ್ಯಾಸ 8 ಮಿ.ಮೀ., ಅಂದರೆ ಒಂದೊಂದು ಬದಿಗೆ 4 ಮಿ.ಮೀ.

ಇಲ್ಲಿ ಒಂದು ಎಚ್ಚರ ಅಗತ್ಯ. ಮೂಗಿನ ತುದಿಯಿಂದ ಮುಂದಕ್ಕೆ ಚಾಚಿಕೊಂಡಿರುವ ಗಾಳಿವೇಗ ಅಳೆಯುವ ನಳಿಕೆಯನ್ನು ಕೆಲವು ಪುಸ್ತಕಗಳು ಉದ್ದಕ್ಕೆ ಸೇರಿಸುತ್ತವೆ, ಕೆಲವು ಬಿಡುತ್ತವೆ. ಎರಡು ಪುಸ್ತಕಗಳ ಅಂಕಿಗಳು ಹೊಂದದಿದ್ದರೆ ಒಂದು ತಪ್ಪು ಎಂದು ತೀರ್ಮಾನಿಸುವ ಮೊದಲು ಎಲ್ಲಿಂದ ಎಲ್ಲಿಗೆ ಅಳೆದಿದ್ದಾರೆ ಎಂಬುದನ್ನು ನೋಡಬೇಕು. ಈ ಕಾರಣಕ್ಕೆ ಅನುಭವಿಗಳು ಅಂಕಿಗಿಂತ ಪ್ರಮಾಣಬದ್ಧ ನಕ್ಷೆಯನ್ನು ಹೆಚ್ಚು ನಂಬುತ್ತಾರೆ. ನಕ್ಷೆಯನ್ನು 1:72ಕ್ಕೆ ಮುದ್ರಿಸಿಕೊಂಡು, ಕಿಟ್‌ನ ಒಡಲನ್ನು ಅದರ ಮೇಲಿಟ್ಟು, ಕೊಯ್ಯಬೇಕಾದ ಗೆರೆಯನ್ನು ಪೆನ್ಸಿಲ್‌ನಿಂದ ಗುರುತಿಸುತ್ತಾರೆ. ಆ ಮುದ್ರಣವೂ ಸರಿಯಾದ ಗಾತ್ರದಲ್ಲಿದೆಯೇ ಎಂದು ಅಳತೆಪಟ್ಟಿಯಿಂದ ಪರೀಕ್ಷಿಸುವುದು ವಾಡಿಕೆ.

ಒಡಲನ್ನು ಕೊಯ್ಯುವುದು ತೆಳುಹಲ್ಲಿನ ಪುಟ್ಟ ಗರಗಸದಿಂದ. ಗೆರೆ ನೇರವಾಗಿರಲೆಂದು ಒಡಲಿನ ಸುತ್ತ ದಪ್ಪ ಅಂಟುಪಟ್ಟಿ ಸುತ್ತಿ, ಅದರ ಅಂಚಿಗೆ ಗರಗಸವನ್ನು ತಾಗಿಸಿಕೊಂಡು ನಿಧಾನವಾಗಿ ಎಳೆಯುತ್ತಾರೆ. ಗರಗಸವೂ ತನ್ನ ದಪ್ಪದಷ್ಟು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಆದ್ದರಿಂದ ಗೆರೆಯ ಹೊರಬದಿಯಲ್ಲಿ ಕೊಯ್ದು, ಉಳಿದದ್ದನ್ನು ಉಪ್ಪುಕಾಗದದಿಂದ ಉಜ್ಜಿ ಅಳತೆಗೆ ತರಬೇಕು. ಹೆಚ್ಚು ಉಳಿದರೆ ಉಜ್ಜಬಹುದು. ಕಡಿಮೆಯಾದರೆ ಸೇರಿಸುವುದು ಕಷ್ಟ.

ಕೊಯ್ದ ಎರಡು ತುಂಡುಗಳನ್ನು ಮುಖಾಮುಖಿ ಇಟ್ಟಾಗ ಮುಂದಿನ ಸಮಸ್ಯೆ ಎದುರಾಗುತ್ತದೆ. ವಿಮಾನದ ಒಡಲು ಸಮನಾದ ಕೊಳವೆಯಲ್ಲ. ಮೂಗಿನಿಂದ ಹಿಂದಕ್ಕೆ ಹೋದಂತೆ ಅಗಲವಾಗುತ್ತ ಹೋಗುತ್ತದೆ. ನಡುವಿನ ತುಂಡು ತೆಗೆದಾಗ ಮುಂದಿನ ಭಾಗ ಸಣ್ಣದು, ಹಿಂದಿನದು ದೊಡ್ಡದು. ಸೇರುವ ಜಾಗದಲ್ಲಿ ಮೆಟ್ಟಿಲು ಬೀಳುತ್ತದೆ. ಒಳಗಿನಿಂದ ಪ್ಲಾಸ್ಟಿಕ್ ಹಾಳೆಯ ಪಟ್ಟಿಗಳನ್ನು ಅಂಟಿಸಿ ಜಂಟಿಯನ್ನು ಗಟ್ಟಿಮಾಡಿ, ಹೊರಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ ಆ ಮೆಟ್ಟಿಲನ್ನು ಕರಗಿಸಬೇಕು. ಪುಟ್ಟಿ ಒಣಗುವಾಗ ಕುಗ್ಗುತ್ತದೆ. ಒಂದೇ ಸಲ ದಪ್ಪವಾಗಿ ಮೆತ್ತದೆ ತೆಳುವಾಗಿ ಎರಡು ಮೂರು ಸಲ ಹಚ್ಚುವುದೇ ಸರಿಯಾದ ಕ್ರಮ.

ರೆಕ್ಕೆಯ ಲೆಕ್ಕ ಇನ್ನೂ ಸೂಕ್ಷ್ಮ. ನ್ಯಾಟ್‌ನ ರೆಕ್ಕೆ ಹಿಂದಕ್ಕೆ ಬಾಗಿದ್ದು, ತುದಿಯ ಕಡೆ ಕಿರಿದಾಗುತ್ತದೆ. ತುದಿಯಿಂದ 4 ಮಿ.ಮೀ. ಕತ್ತರಿಸಿದರೆ ಉದ್ದವೇನೋ ಸರಿಯಾಗುತ್ತದೆ. ತುದಿಯ ಅಗಲ ಹೆಚ್ಚಾಗಿ ಉಳಿಯುತ್ತದೆ. ಹೀಗಾಗಿ ಕೇವಲ ಕತ್ತರಿಸಿದರೆ ಸಾಲದು, ನಕ್ಷೆಯ ಪ್ರಕಾರ ಅಂಚುಗಳನ್ನೂ ಉಜ್ಜಬೇಕು. ತರಬೇತಿ ವಿಮಾನದಲ್ಲಿ ಏಲೆರಾನ್‌ಗಳು ರೆಕ್ಕೆಯ ಹೊರಬದಿಯಲ್ಲೂ ಫ್ಲಾಪ್‌ಗಳು ಒಳಬದಿಯಲ್ಲೂ ಪ್ರತ್ಯೇಕವಾಗಿವೆ. ಯುದ್ಧವಿಮಾನದಲ್ಲಿ ಒಳಬದಿಯ ಏಲೆರಾನ್‌ಗಳೇ ಕೆಳಗಿಳಿದು ಫ್ಲಾಪ್ ಕೆಲಸವನ್ನೂ ಮಾಡುತ್ತಿದ್ದವು. ಆದ್ದರಿಂದ ರೆಕ್ಕೆಯ ಮೇಲಿನ ಹಳೆಯ ಗೆರೆಗಳನ್ನು ಪುಟ್ಟಿಯಿಂದ ಮುಚ್ಚಿ ಹೊಸ ಗೆರೆಗಳನ್ನು ಕೊರೆಯಬೇಕಾಗುತ್ತದೆ. ತರಬೇತಿ ಮಾದರಿಗೆ ಹಿಗ್ಗಿಸಿದ್ದ ಬಾಲದ ಭಾಗಗಳನ್ನೂ ಹೀಗೆಯೇ ಇಳಿಸಬೇಕು.

ಅರ್ಧ ಮಿಲಿಮೀಟರ್‌ನ ಫಿರಂಗಿ

ತರಬೇತಿ ವಿಮಾನದಲ್ಲಿ ಫಿರಂಗಿಗಳಿರಲಿಲ್ಲ. ಯುದ್ಧವಿಮಾನದಲ್ಲಿ ಎಂಜಿನ್‌ಗೆ ಗಾಳಿ ಹೋಗುವ ದ್ವಾರಗಳ ಪಕ್ಕದಲ್ಲಿ ಒಂದೊಂದರಂತೆ 30 ಮಿ.ಮೀ.ನ ಎರಡು ಏಡನ್ ಫಿರಂಗಿಗಳಿದ್ದವು. 30 ಮಿ.ಮೀ. ನಳಿಗೆಯ ರಂಧ್ರ 1:72ರಲ್ಲಿ 0.42 ಮಿ.ಮೀ. ಬೆರಳಿನಿಂದ ತಿರುಗಿಸುವ ಪುಟ್ಟ ಬೈರಿಗೆಗೆ 0.4 ಮಿ.ಮೀ. ಮೊನೆ ಹಾಕಿ ಇದನ್ನು ಕೊರೆಯುತ್ತಾರೆ. ವಿದ್ಯುತ್ ಬೈರಿಗೆ ಬಳಸಿದರೆ ಬಿಸಿಗೆ ಪ್ಲಾಸ್ಟಿಕ್ ಕರಗಿ ರಂಧ್ರ ವಿಕಾರವಾಗುತ್ತದೆ.

ಪೈಲಟ್‌ನ ತಲೆಯ ಮೇಲಿನ ಪಾರದರ್ಶಕ ಮುಚ್ಚಿಗೆ ಕಿಟ್‌ನಲ್ಲಿ ಇಬ್ಬರಿಗಾಗುವಷ್ಟು ಉದ್ದವಿರುತ್ತದೆ. ಒಬ್ಬನದಕ್ಕೆ ಹೊಸತೇ ಬೇಕು. ಮುಚ್ಚಿಗೆಯ ಆಕಾರದ ದಿಮ್ಮಿಯನ್ನು ಮರದಲ್ಲೋ ಗಟ್ಟಿ ಪುಟ್ಟಿಯಲ್ಲೋ ಕೆತ್ತಿ ನುಣುಪುಗೊಳಿಸಿ, ತೆಳುವಾದ ಪಾರದರ್ಶಕ ಹಾಳೆಯನ್ನು ಬಿಸಿಮಾಡಿ, ಮೆತ್ತಗಾದೊಡನೆ ದಿಮ್ಮಿಯ ಮೇಲೆ ಎಳೆದು ಒತ್ತಿದರೆ ಆಕಾರ ಬರುತ್ತದೆ. ಹಾಳೆಗೂ ಒಂದಿಷ್ಟು ದಪ್ಪವಿರುವುದರಿಂದ ದಿಮ್ಮಿಯನ್ನು ಬೇಕಾದ ಅಳತೆಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಕೆತ್ತಬೇಕು. ಮೊದಲ ನಾಲ್ಕಾರು ಪ್ರಯತ್ನಗಳು ಸುಕ್ಕುಗಟ್ಟಿ ಹಾಳಾಗುವುದು ಸಾಮಾನ್ಯ.

ವಿಮಾನದ ಹೊರಮೈಯ ತಗಡುಗಳು ಸೇರುವ ಗೆರೆಗಳು ಉಜ್ಜುವಿಕೆಯಲ್ಲಿ ಅಳಿಸಿಹೋಗಿರುತ್ತವೆ. ಅವುಗಳನ್ನು ಮೊನಚಾದ ಸೂಜಿಯಿಂದ ಮತ್ತೆ ಕೊರೆಯಬೇಕು. ಇಲ್ಲಿ ಪ್ರಮಾಣ ಮರೆತರೆ ಕೆಲಸ ಕೆಡುತ್ತದೆ. ಕಾಲು ಮಿಲಿಮೀಟರ್ ಅಗಲದ ಗೆರೆ ನಿಜವಾದ ವಿಮಾನದಲ್ಲಿ 18 ಮಿ.ಮೀ. ಬಿರುಕಿಗೆ ಸಮ. ಅಷ್ಟು ದೊಡ್ಡ ಸಂದಿ ಬಿಟ್ಟು ತಗಡು ಜೋಡಿಸುವ ಕಾರ್ಖಾನೆ ಇರಲಾರದು. ಗೆರೆ ಕಣ್ಣಿಗೆ ಬಿದ್ದೂ ಬೀಳದಂತಿರಬೇಕು.

ಇನ್ನೊಂದು ಅಪಾಯ ಕೊನೆಯವರೆಗೂ ಗಮನಕ್ಕೆ ಬರುವುದಿಲ್ಲ. ನ್ಯಾಟ್ ನಿಲ್ಲುವುದು ಮೂಗಿನ ಕೆಳಗಿನ ಒಂದು ಚಕ್ರ ಹಾಗೂ ಹಿಂದಿನ ಎರಡು ಚಕ್ರಗಳ ಮೇಲೆ. ಮಾದರಿಯ ಮುಂಭಾಗ ಹಗುರವಾದರೆ ಅದು ಬಾಲದ ಮೇಲೆ ಕುಳಿತುಬಿಡುತ್ತದೆ. ಇದನ್ನು ತಪ್ಪಿಸಲು ಮೂಗಿನೊಳಗೆ ಮೀನುಗಾಳದ ಸೀಸದ ಗುಂಡುಗಳಂಥ ಭಾರ ತುಂಬಬೇಕು. ಒಡಲನ್ನು ಗಿಡ್ಡಮಾಡಿದಾಗ ಮೂಗು ಚಕ್ರಗಳ ಹತ್ತಿರಕ್ಕೆ ಬರುತ್ತದೆ. ತಕ್ಕಡಿಯ ಕೋಲು ಗಿಡ್ಡವಾದರೆ ಹೆಚ್ಚು ತೂಕ ಇಡಬೇಕಾಗುವಂತೆ ಇಲ್ಲಿಯೂ ಕಿಟ್‌ನ ಸೂಚನೆಗಿಂತ ಹೆಚ್ಚು ಭಾರ ಬೇಕಾಗುತ್ತದೆ. ಒಡಲನ್ನು ಮುಚ್ಚುವ ಮೊದಲೇ ಇದನ್ನು ಪರೀಕ್ಷಿಸದಿದ್ದರೆ ಮತ್ತೆ ಬಿಚ್ಚುವ ದಾರಿಯಿಲ್ಲ.

ಬಣ್ಣ ಬಯಲು ಮಾಡುವ ತಪ್ಪುಗಳು

ಭಾರತದ ನ್ಯಾಟ್‌ಗಳು ಲೋಹದ ಬೆಳ್ಳಿ ಬಣ್ಣದಲ್ಲೂ ಇದ್ದವು, ಮರೆಮಾಚುವ ಬಣ್ಣಗಳಲ್ಲೂ ಇದ್ದವು. ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದರ ಮೇಲೆ ಅದುವರೆಗಿನ ಕೆಲಸದ ಭವಿಷ್ಯ ನಿಂತಿದೆ. ಹಸಿರು, ಕಂದು ಬಣ್ಣಗಳು ಸಣ್ಣಪುಟ್ಟ ಗೀರುಗಳನ್ನು ಮುಚ್ಚುತ್ತವೆ. ಬೆಳ್ಳಿ ಬಣ್ಣ ಮಾತ್ರ ಏನನ್ನೂ ಮುಚ್ಚುವುದಿಲ್ಲ. ಪುಟ್ಟಿ ತುಂಬಿದ ಜಂಟಿ, ಉಪ್ಪುಕಾಗದದ ಗೀರು, ಅಂಟಿನ ಕಲೆ ಎಲ್ಲವೂ ಎದ್ದು ಕಾಣುತ್ತವೆ. ಆದ್ದರಿಂದ ಮೊದಲು ಬೂದು ಬಣ್ಣದ ಒಂದು ಪದರ ಹಚ್ಚಿ ತಪ್ಪುಗಳನ್ನು ಹುಡುಕಿ, ತಿದ್ದಿ, ಮತ್ತೆ ಹಚ್ಚುವ ಪದ್ಧತಿ ಇದೆ.

ಗಾಢ ಬಣ್ಣಗಳಿಗೆ ಒಂದಿಷ್ಟು ಬಿಳಿ ಬೆರೆಸುವವರೂ ಇದ್ದಾರೆ. ನಿಜವಾದ ವಿಮಾನವನ್ನು ನಾವು ನೋಡುವುದು ದೂರದಿಂದ. ನಡುವಿನ ಗಾಳಿ, ಬೆಳಕು ಬಣ್ಣವನ್ನು ತಿಳಿಯಾಗಿಸುತ್ತವೆ. ಅದೇ ಬಣ್ಣವನ್ನು ಅಂಗೈ ಅಗಲದ ಮಾದರಿಗೆ ಹಾಗೆಯೇ ಹಚ್ಚಿದರೆ ಕಪ್ಪಾಗಿ ಕಾಣುತ್ತದೆ ಎಂಬುದು ಅವರ ವಾದ.

ವಾಯುಪಡೆಯ ಲಾಂಛನದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ರೆಡ್ ಆರೋಸ್ ಪೆಟ್ಟಿಗೆಯಲ್ಲಿ ಇದು ಸಿಗುವುದಿಲ್ಲ. ನೀರಿನಲ್ಲಿ ನೆನೆಸಿ ಅಂಟಿಸುವ ಡಿಕಾಲ್ ಹಾಳೆಗಳನ್ನು ಸಣ್ಣ ತಯಾರಕರಿಂದ ಕೊಳ್ಳಬಹುದು ಅಥವಾ ಖಾಲಿ ಡಿಕಾಲ್ ಹಾಳೆಯ ಮೇಲೆ ಮನೆಯ ಪ್ರಿಂಟರ್‌ನಲ್ಲಿ ಮುದ್ರಿಸಿಕೊಳ್ಳಬಹುದು. ಸಾಧಾರಣ ಪ್ರಿಂಟರ್‌ಗಳು ಬಿಳಿ ಬಣ್ಣವನ್ನು ಮುದ್ರಿಸುವುದಿಲ್ಲ. ಹಾಗಾಗಿ ಮೊದಲು ರೆಕ್ಕೆಯ ಮೇಲೆ ಬಿಳಿಯ ವೃತ್ತವನ್ನು ಬಣ್ಣದಿಂದಲೇ ಬಿಡಿಸಿ, ಅದರ ಮೇಲೆ ಡಿಕಾಲ್ ಕೂರಿಸುತ್ತಾರೆ. ಇಂಕ್‌ಜೆಟ್ ಮುದ್ರಣವಾದರೆ ಮೇಲೆ ವಾರ್ನಿಷ್ ಹಚ್ಚದೆ ನೀರಿಗೆ ಹಾಕಿದರೆ ಬಣ್ಣ ಕರಗಿಹೋಗುತ್ತದೆ.

ಸಾಕ್ಷ್ಯ ಯಾವುದು?

ಕೈಕೆಲಸಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಮಾಡಿದ್ದು ಸರಿ ಎಂದು ಹೇಳುವುದು ಹೇಗೆ?

ವಸ್ತುಸಂಗ್ರಹಾಲಯಗಳಲ್ಲಿ ಹಾಗೂ ಪೀಠಗಳ ಮೇಲೆ ನಿಂತಿರುವ ಹಳೆಯ ವಿಮಾನಗಳು ಮೊದಲ ಸಾಕ್ಷಿ. ಆಕಾರದ ಮಟ್ಟಿಗೆ ಅವುಗಳನ್ನು ನಂಬಬಹುದು. ಬಣ್ಣದ ಮಟ್ಟಿಗೆ ನಂಬುವಂತಿಲ್ಲ. ಮಳೆ ಬಿಸಿಲಿಗೆ ಮೈಯೊಡ್ಡಿದ ವಿಮಾನಕ್ಕೆ ಕೆಲವು ವರ್ಷಗಳಿಗೊಮ್ಮೆ ಹೊಸ ಬಣ್ಣ ಬಳಿಯುತ್ತಾರೆ. ಆಗ ಕೈಗೆ ಸಿಕ್ಕ ಹಸಿರು ಹಿಂದಿನ ಹಸಿರೇ ಆಗಿರಬೇಕೆಂದಿಲ್ಲ. ಲಾಂಛನದ ಗಾತ್ರ, ಸಂಖ್ಯೆಯ ಅಕ್ಷರಶೈಲಿ ಬದಲಾಗಿರಬಹುದು.

ಹಳೆಯ ಛಾಯಾಚಿತ್ರಗಳು ಎರಡನೆಯ ಸಾಕ್ಷಿ. ಇವುಗಳಲ್ಲಿ ಗುರುತುಗಳು ಆ ದಿನ ಇದ್ದಂತೆಯೇ ಇರುತ್ತವೆ. ಆದರೆ ಬಹುತೇಕ ಚಿತ್ರಗಳು ಕಪ್ಪು–ಬಿಳುಪು. ಕೋನದಿಂದ ತೆಗೆದ ಚಿತ್ರದಲ್ಲಿ ಅಳತೆ ಸಿಗುವುದಿಲ್ಲ. ಒಂದು ಬದಿ ಕಂಡರೆ ಇನ್ನೊಂದು ಬದಿ ಕಾಣುವುದಿಲ್ಲ. ಹೀಗೆ ಆಕಾರಕ್ಕೆ ಒಂದು ಸಾಕ್ಷಿ, ಬಣ್ಣಕ್ಕೆ ಇನ್ನೊಂದು ಸಾಕ್ಷಿ ಎಂದು ಇಟ್ಟುಕೊಂಡು ಎರಡನ್ನೂ ಹೊಂದಿಸಿ ನೋಡಬೇಕಾಗುತ್ತದೆ.

ಸಾಕ್ಷ್ಯ ಗಡಿಯಾಚೆಗೂ ಹೋಗಿದೆ. 1965ರ ಸೆಪ್ಟೆಂಬರ್ 3ರಂದು ಪಾಕಿಸ್ತಾನದ ಪಸ್ರೂರಿನಲ್ಲಿ ಇಳಿದ ಭಾರತದ ನ್ಯಾಟ್ ಇಂದು ಕರಾಚಿಯ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ. ಇಲ್ಲಿಯೇ ಇರುವ ಆಕರಗಳೂ ಕಡಿಮೆಯಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಎಲ್ ಪಾರಂಪರಿಕ ಕೇಂದ್ರ ಮತ್ತು ವೈಮಾನಿಕ ವಸ್ತುಸಂಗ್ರಹಾಲಯದಲ್ಲಿ ನಗರದಲ್ಲಿ ತಯಾರಾದ ವಿಮಾನಗಳನ್ನು ಹತ್ತಿರದಿಂದ ನೋಡಬಹುದು. ನ್ಯಾಟ್ ತಯಾರಿಕೆ ನಿಂತು ಅರ್ಧ ಶತಮಾನ ದಾಟಿದೆ. ಅದರ ತಗಡು ಬಗ್ಗಿಸಿದ, ರಿವೆಟ್ ಹೊಡೆದ ಕೈಗಳಿಗೆ ವಯಸ್ಸಾಗಿದೆ. ನಿವೃತ್ತ ಕಾರ್ಮಿಕರ ಮನೆಯ ಆಲ್ಬಂಗಳಲ್ಲಿರುವ ಒಂದೊಂದು ಚಿತ್ರವೂ ಈ ದೃಷ್ಟಿಯಿಂದ ಅಮೂಲ್ಯ.

ತಪ್ಪು ಮಾದರಿಯ ಪರಿಣಾಮವೂ ಸಣ್ಣದಲ್ಲ. ಒಬ್ಬರು ಊಹೆಯಿಂದ ಹಚ್ಚಿದ ಬಣ್ಣವನ್ನು ಇನ್ನೊಬ್ಬರು ಚಿತ್ರದಲ್ಲಿ ನೋಡಿ ಅನುಕರಿಸುತ್ತಾರೆ. ಮೂರನೆಯವರು ಅದನ್ನೇ ಪ್ರಮಾಣವೆಂದು ನಂಬುತ್ತಾರೆ. ಕೆಲವು ವರ್ಷಗಳಲ್ಲಿ ಊಹೆಯೇ ಇತಿಹಾಸವಾಗಿ ಕೂರುತ್ತದೆ.

ಕಾರ್ಖಾನೆಯೇ ಮಾಡಿದ ಮಾರ್ಪಾಡು

ಮಾರ್ಪಾಡು ಕೇವಲ ಮೇಜಿನ ಮೇಲಿನ ಆಟವಲ್ಲ ಎಂಬುದಕ್ಕೆ ನ್ಯಾಟ್‌ನ ಮುಂದಿನ ಕಥೆಯೇ ನಿದರ್ಶನ. ನ್ಯಾಟ್‌ನ ಕೊರತೆಗಳನ್ನು ನೀಗಲು ಎಚ್‌ಎಎಲ್ ಎಂಜಿನಿಯರ್‌ಗಳು ಅದರ ಸುಧಾರಿತ ರೂಪವನ್ನು ಸಿದ್ಧಪಡಿಸಿದರು. ಅದೇ ‘ಅಜೀತ್’. ಇದರ ಮೂಲಮಾದರಿಗಳನ್ನು ಹೊಸದಾಗಿ ಕಟ್ಟದೆ ನ್ಯಾಟ್ ವಿಮಾನಗಳನ್ನೇ ಮಾರ್ಪಡಿಸಿ ತಯಾರಿಸಲಾಯಿತು. ಮೊದಲನೆಯದು 1975ರ ಮಾರ್ಚ್‌ನಲ್ಲಿ ಹಾರಿತು.

ಮುಖ್ಯ ಬದಲಾವಣೆ ರೆಕ್ಕೆಯಲ್ಲಿತ್ತು. ನ್ಯಾಟ್ ಸಾಮಾನ್ಯವಾಗಿ ರೆಕ್ಕೆಯ ಕೆಳಗೆ ಇಂಧನದ ಹೆಚ್ಚುವರಿ ತೊಟ್ಟಿಗಳನ್ನು ಹೊತ್ತು ಹಾರುತ್ತಿತ್ತು. ಅಜೀತ್‌ನಲ್ಲಿ ರೆಕ್ಕೆಯ ಒಳಗೇ ಇಂಧನ ತುಂಬುವ ಏರ್ಪಾಡು ಮಾಡಿ, ಕೆಳಗಿನ ಜಾಗವನ್ನು ಆಯುಧಗಳಿಗೆ ಬಿಡಿಸಿಕೊಡಲಾಯಿತು. 79 ಅಜೀತ್ ವಿಮಾನಗಳು ಹೊಸದಾಗಿ ತಯಾರಾದವು. 10 ನ್ಯಾಟ್‌ಗಳನ್ನು ಅಜೀತ್ ಆಗಿ ಬದಲಿಸಲಾಯಿತು. 1991ರಲ್ಲಿ ಅಜೀತ್ ಸೇವೆಯಿಂದ ನಿವೃತ್ತಿಯಾಯಿತು.

ನಡುವೆ 1982ರಲ್ಲಿ ಅಜೀತ್‌ನ ಎರಡು ಆಸನಗಳ ತರಬೇತಿ ರೂಪವನ್ನೂ ಎಚ್‌ಎಎಲ್ ಹಾರಿಸಿತು. ಬ್ರಿಟನ್ನಿನ ಕಾರ್ಖಾನೆ ಒಂದು ಆಸನವನ್ನು ಎರಡಾಗಿಸಿತ್ತು, ಬೆಂಗಳೂರಿನ ಕಾರ್ಖಾನೆಯೂ ತನ್ನದೇ ರೀತಿಯಲ್ಲಿ ಎರಡಾಗಿಸಿತು. ಹವ್ಯಾಸಿಯು ಮೇಜಿನ ಮೇಲೆ ಎರಡನ್ನು ಒಂದಾಗಿಸುವಾಗ ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯುತ್ತಾನೆ. ಎಲ್ಲಿ ಉದ್ದ ಮಾಡಿದರು, ಯಾಕೆ ರೆಕ್ಕೆ ಹಿಗ್ಗಿಸಿದರು ಎಂಬ ಪ್ರಶ್ನೆಗಳಿಗೆ ಗರಗಸ ಹಿಡಿದವನು ಉತ್ತರ ಹುಡುಕಲೇಬೇಕಾಗುತ್ತದೆ.

ಸಿದ್ಧ ಕಿಟ್ ಬಂದ ಮೇಲೂ

ಇತ್ತೀಚಿನ ವರ್ಷಗಳಲ್ಲಿ ಪರಿಸ್ಥಿತಿ ಬದಲಾಗಿದೆ. ಯುರೋಪಿನ ಸಣ್ಣ ತಯಾರಕರು ಒಂಟಿ ಆಸನದ ನ್ಯಾಟ್ ಹಾಗೂ ಅಜೀತ್ ಕಿಟ್‌ಗಳನ್ನು 1:72ರಲ್ಲೇ ಹೊರತಂದಿದ್ದಾರೆ. ಇಂಥ ಕಿಟ್‌ಗಳು ಸೀಮಿತ ಸಂಖ್ಯೆಯಲ್ಲಿ ತಯಾರಾಗುತ್ತವೆ, ಮುಗಿದ ಮೇಲೆ ಹುಡುಕಾಡಬೇಕಾಗುತ್ತದೆ. ಸಿಕ್ಕರೆ ಕೊಯ್ಯುವ ಕಷ್ಟ ತಪ್ಪುತ್ತದೆ ಎಂಬುದು ನಿಜ.

ಆದರೂ ಮಾರ್ಪಾಡಿನ ಅಗತ್ಯ ಪೂರ್ತಿ ಮುಗಿದಿಲ್ಲ. ಯಾವ ಕಿಟ್ ಆದರೂ ಒಂದು ಆವೃತ್ತಿಯ, ಒಂದು ಕಾಲದ ವಿಮಾನವನ್ನಷ್ಟೇ ತೋರಿಸಬಲ್ಲದು. ಒಂದು ನಿರ್ದಿಷ್ಟ ದಿನ, ಒಬ್ಬ ನಿರ್ದಿಷ್ಟ ಪೈಲಟ್ ಹಾರಿಸಿದ ವಿಮಾನವನ್ನು ತೋರಿಸಬೇಕಾದರೆ ಆ ದಿನ ಅದರ ಕೆಳಗೆ ತೊಟ್ಟಿಗಳಿದ್ದವೇ, ಮೈಮೇಲೆ ಬೆಳ್ಳಿ ಬಣ್ಣವಿತ್ತೇ, ಸಂಖ್ಯೆ ಎಲ್ಲಿ ಬರೆದಿತ್ತು ಎಂಬುದನ್ನು ಹವ್ಯಾಸಿಯೇ ಕಂಡುಕೊಳ್ಳಬೇಕು.

ಹೊಸಬರಿಗೆ ಕಿವಿಮಾತು

ಮೊದಲ ಮಾದರಿಯನ್ನೇ ಕೊಯ್ಯಲು ಹೋಗಬಾರದು ಎಂಬುದು ಬಲ್ಲವರ ಸಲಹೆ. ಎರಡು ಮೂರು ಕಿಟ್‌ಗಳನ್ನು ಪೆಟ್ಟಿಗೆ ಹೇಳಿದಂತೆಯೇ ಕಟ್ಟಿ ಕೈ ಪಳಗಿಸಿಕೊಂಡು, ಆಮೇಲೆ ಬಣ್ಣ–ಗುರುತುಗಳ ಬದಲಾವಣೆಗೆ, ಕೊನೆಗೆ ಗರಗಸಕ್ಕೆ ಬರುವುದು ಉತ್ತಮ. ಮಾರ್ಪಾಡಿನ ಅಭ್ಯಾಸಕ್ಕೆ ಹಳೆಯ, ಅಗ್ಗದ ಕಿಟ್ ಸೂಕ್ತ. ಹಾಳಾದರೂ ಅದರ ಚಕ್ರ, ತೊಟ್ಟಿ, ಆಸನಗಳು ಮುಂದಿನ ಮಾದರಿಗೆ ಒದಗುತ್ತವೆ. ಅನುಭವಿಗಳ ಮನೆಯಲ್ಲಿ ಇಂಥ ಉಳಿಕೆ ಭಾಗಗಳ ಡಬ್ಬಿ ಇದ್ದೇ ಇರುತ್ತದೆ.

ಆರೋಗ್ಯದ ಎಚ್ಚರಿಕೆಯೂ ಅಗತ್ಯ. ಪಾಲಿಸ್ಟೈರೀನ್ ಅಂಟು, ಬಣ್ಣ ತೆಳುಮಾಡುವ ದ್ರವಗಳ ಆವಿ ತಲೆನೋವು ತರಬಲ್ಲದು. ಕಿಟಕಿ ತೆರೆದಿರುವ ಕೋಣೆಯಲ್ಲೇ ಕೆಲಸ ಮಾಡಬೇಕು. ರೆಸಿನ್ ಭಾಗಗಳನ್ನು ಉಜ್ಜುವಾಗ ಏಳುವ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಹಾನಿಕರ. ನೀರು ಹಾಕಿಕೊಂಡು ಉಜ್ಜಬೇಕು, ಮುಖಗವಸು ತೊಡಬೇಕು. ಹರಿತವಾದ ಅಲಗನ್ನು ಯಾವಾಗಲೂ ಬೆರಳಿನಿಂದ ಆಚೆಗೆ ಓಡಿಸಬೇಕು. ಮೊಂಡಾದ ಅಲಗೇ ಹೆಚ್ಚು ಅಪಾಯಕಾರಿ. ಅದಕ್ಕೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗ ಜಾರುತ್ತದೆ. ಮಕ್ಕಳು ಈ ಕೆಲಸ ಮಾಡುವಾಗ ದೊಡ್ಡವರು ಜೊತೆಗಿರಬೇಕು.

ಕೊನೆಯದಾಗಿ ಒಂದು ಒಳ್ಳೆಯ ಪದ್ಧತಿ. ಮಾದರಿ ಮುಗಿದ ಮೇಲೆ ಅದರ ಕೆಳಗೆ ಒಂದು ಚೀಟಿ ಇಡುವುದು. ಯಾವ ಕಿಟ್‌ನಿಂದ ಮಾಡಿದ್ದು, ಎಷ್ಟು ಕೊಯ್ದದ್ದು, ಆಕಾರಕ್ಕೆ ಯಾವ ನಕ್ಷೆ, ಗುರುತುಗಳಿಗೆ ಯಾವ ಚಿತ್ರ ಆಧಾರ ಎಂಬುದನ್ನು ಅದರಲ್ಲಿ ಬರೆಯಬೇಕು. ಬಲಬದಿಯ ಚಿತ್ರ ಸಿಕ್ಕದೆ ಊಹೆಯಿಂದ ಬಣ್ಣ ಹಚ್ಚಿದ್ದರೆ ಅದನ್ನೂ ಬರೆಯಬೇಕು. ನಾಳೆ ಯಾರಾದರೂ ಆ ಚಿತ್ರವನ್ನು ಹುಡುಕಿ ತಂದರೆ ತಿದ್ದಬೇಕಾದದ್ದು ಯಾವುದೆಂದು ಆ ಚೀಟಿ ಹೇಳುತ್ತದೆ.